ಕುದ್ರುವಿನ ಬಾವಿಹಗ್ಗದ ಗಂಟು

ನಮ್ಮ ಕಚೇರಿಯ ಸೈಕ್ಲೋಸ್ಟೈಲ್ ಪತ್ರಿಕೆಗೆ ಒಂದು ಲೇಖನ ಸಲ್ಲಿಸಬೇಕೆಂದು ಸೂಚನೆ ಬಂದಾಗ, ಇಪ್ಪತ್ತು ವರ್ಷಗಳಿಂದ ಸರಕಾರಿ ಪತ್ರಗಳನ್ನೇ ಬರೆದ ನನಗೆ ಇದೇನು ಮಹಾ ಎನಿಸಿತು. "ದ್ವೀಪವಾಸಿಗಳ ಮಿತ ಜೀವನ" ಎಂಬ ವಿಷಯವನ್ನು ಆಯ್ದುಕೊಂಡೆ. ನೇತ್ರಾವತಿಯ ನಡುವಿನ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆಯ ದ್ವೀಪದಲ್ಲಿ, ನಮ್ಮ ಅಟೆಂಡರ್ ಸೇಸಪ್ಪನ ಮನೆಯಿತ್ತು. ಮೇ ತಿಂಗಳ ಒಂದು ಸೋಮವಾರ ಅವನ ತಂಗಿಯ ನಿಶ್ಚಿತಾರ್ಥ. ಹಿಂದಿನ ದಿನವೇ ಹೋಗಿ ಸ್ಥಳಪರಿಶೀಲನೆ ನಡೆಸುವುದೆಂದು ತೀರ್ಮಾನಿಸಿದೆ.

"ನಾಳೆ ಕಾರ್ಯಕ್ರಮ ಇರುವ ಮನೆಗೆ ಇವತ್ತೇ ಹೋಗಿ ಎಂತ ಮಾಡುವುದು?" ಎಂದಳು ನನ್ನ ಪತ್ನಿ ಶಾರದಾ.

"ಅವರಿಗೆ ಸಹಾಯ ಮಾಡುತ್ತೇನೆ."

"ನನಗೆ ಅದೇ ಹೆದರಿಕೆ!"

ಆದಾಗ್ಯೂ ಬಂದಳು. ನಮ್ಮ ಮನೆಯಿರುವ ಉರ್ವದಿಂದ ಎರಡು ಬಸ್ಸು ಹಿಡಿದು ಹೊಳೆಯ ದಡ ತಲುಪಿದೆವು. ಸೇಸಪ್ಪ ದೋಣಿ ತಂದಿದ್ದ. ದೋಣಿಯಲ್ಲೇ ಪುಸ್ತಕ ತೆರೆದು ಮೊದಲ ವಾಕ್ಯ ಬರೆದೆ: "ಸದರಿ ದ್ವೀಪದಲ್ಲಿ ನೀರಿನ ಕೊರತೆ ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಸುತ್ತಲೂ ನೀರೇ!"

ಕುದ್ರುವಿನ ದಡದಲ್ಲಿ ಸೇಸಪ್ಪನ ತಾಯಿ ಅಪ್ಪಿಯಕ್ಕ ಕೈಮುಗಿದು ನಿಂತಿದ್ದರು. ಪ್ರತಿವಂದನೆ ಸಲ್ಲಿಸಲು ನಾನು ದೋಣಿಯಲ್ಲಿ ಎದ್ದು ನಿಂತೆ.

"ಸಾರ್, ಕೂತುಕೊಳ್ಳಿ ಮಾರಾಯ್ರೆ! ನೀರು ಇಳಿದಿದೆ, ಕೆಸರು ಉಂಟು!" ಎಂದು ಸೇಸಪ್ಪ ಕೂಗಿದ.

ಸದರಿ ಎಚ್ಚರಿಕೆ ತಲುಪುವ ವೇಳೆಗೆ ನಾನು ಸೊಂಟದವರೆಗೆ ಕೆಸರಿನಲ್ಲಿದ್ದೆ. ಹೊಸ ಟೆರಿಲಿನ್ ಪ್ಯಾಂಟು ಸಹಿತ!

"ಹೊಳೆಯಲ್ಲಿ ಒಂದು ಮುಳುಗು ಹಾಕಿ ಬನ್ನಿ. ಕಡೆಗೆ ಎರಡು ಚೆಂಬು ಸಿಹಿನೀರು ಕೊಡ್ತೇನೆ, ಸಾಕು" ಎಂದು ಹೇಳಿ ಅಪ್ಪಿಯಕ್ಕ ಅಡುಗೆ ಕೆಲಸಕ್ಕೆ ಒಳಗೆ ಹೋದರು. ಶಾರದೆಯೂ ತೆಂಗಿನಕಾಯಿ ತುರಿಯಲು ಹೋದಳು.

ದೋಣಿಗಳು ಓಡಾಡುವ ಹೊಳೆಯಲ್ಲಿ ಸರಕಾರಿ ನೌಕರನೊಬ್ಬ ಬಹಿರಂಗವಾಗಿ ಸ್ನಾನ ಮಾಡುವುದು ನನಗೆ ಉಚಿತವೆನಿಸಲಿಲ್ಲ. ಮನೆಯ ಹಿಂದೆ ಬಾವಿ ಕಂಡಿತು. ಕೊಡ ಇಳಿಸಿದೆ. ಅದು ನೀರನ್ನು ಮುಟ್ಟಿ, ಅರ್ಧ ತುಂಬಿ ನಿಂತಿತು. ನೋಡಿದರೆ, ಹಗ್ಗದಲ್ಲಿದ್ದ ದಪ್ಪ ಗಂಟೊಂದು ರಾಟೆಗೆ ಸಿಕ್ಕಿಕೊಂಡು ಕೊಡವನ್ನು ಇನ್ನೂ ಕೆಳಕ್ಕೆ ಬಿಡುತ್ತಿರಲಿಲ್ಲ. ಪಾಪ, ಎಷ್ಟು ವರ್ಷಗಳಿಂದ ಈ ತೊಂದರೆ ಅನುಭವಿಸುತ್ತಿದ್ದಾರೋ! ಹಲ್ಲಿನಿಂದ ಎಳೆದು, ಹದಿನೈದು ನಿಮಿಷ ಶ್ರಮಿಸಿ ಗಂಟನ್ನು ಬಿಚ್ಚಿದೆ. ಇನ್ನು ಕೊಡ ಎಷ್ಟು ಆಳಕ್ಕಾದರೂ ಇಳಿಯಬಹುದು!

ಇಳಿಯಿತು. ತುಂಬಿದ ಕೊಡಗಳು ಒಂದರ ಹಿಂದೊಂದು ಬಂದವು. ನಾನು ಮಿಂದೆ. ಪ್ಯಾಂಟು ಒಗೆದೆ. ಕೆಸರಾದ ಚಪ್ಪಲಿ ತೊಳೆದೆ. ಉಪಕಾರವಾಗಲಿ ಎಂದು ಬಾವಿಕಟ್ಟೆಯನ್ನೂ ತೊಳೆದೆ. ಕೊನೆಯಲ್ಲಿ ಮುಖ ತೊಳೆದಾಗ ಕಣ್ಣು ಉರಿಯಿತು. ಸಾಬೂನಿನ ಗುಣಮಟ್ಟ ಕುಸಿದಿದೆ ಎಂದುಕೊಂಡೆ.

ಅಷ್ಟರಲ್ಲಿ ಅಪ್ಪಿಯಕ್ಕ ಬಂದರು. ಒದ್ದೆ ಅಂಗಳ ನೋಡಿದರು. ಹಗ್ಗ ನೋಡಿದರು.

"ಗಂಟು ಎಲ್ಲಿ?"

"ಬಿಚ್ಚಿದ್ದೇನೆ. ಇನ್ನು ನಿಮಗೆ ತೊಂದರೆ ಇಲ್ಲ."

ಅವರು ಕೊಡದ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಥೂ ಎಂದು ಉಗಿದರು. "ಅಯ್ಯೋ ದೇವರೇ! ಉಪ್ಪು!"

ಕೂಗು ಕೇಳಿ ಸೇಸಪ್ಪ ಓಡಿ ಬಂದ. "ಸಾರ್, ಇಲ್ಲಿ ಮೇಲಿನ ಎರಡು ಮೊಳ ಮಾತ್ರ ಸಿಹಿನೀರು. ಅಡಿಯಲ್ಲಿ ಪೂರಾ ಸಮುದ್ರದ ಉಪ್ಪು. ಕೊಡ ಆಳಕ್ಕೆ ಹೋಗಬಾರದು ಅಂತಲೇ ಅಜ್ಜ ಆ ಗಂಟು ಹಾಕಿದ್ದು. ಈಗ ಎರಡೂ ಬೆರೆತು ಹೋಯಿತು, ಇನ್ನು ನಾಲ್ಕು ದಿನ ಬಾವಿ ಮುಟ್ಟಲಿಕ್ಕಿಲ್ಲ. ನಾಳೆ ಗಂಡಿನ ಕಡೆಯವರಿಗೆ ಎಂತ ಕುಡಿಯಲಿಕ್ಕೆ ಕೊಡುವುದು?"

ಒಳಗಿನಿಂದ ಮದುಮಗಳು ಅಳುವುದು ಕೇಳಿಸಿತು. ಮೂರು ತಲೆಮಾರು ಕಾಪಾಡಿದ ನೀರನ್ನು ನಾನು ಒಂದೇ ಸ್ನಾನದಲ್ಲಿ ಮುಗಿಸಿದ್ದೆ!

"ನಿಮ್ಮ ಮಂಡೆ ಸಮ ಉಂಟಾ?" ಎಂದಳು ಶಾರದಾ. "ಒಂದು ಆನೆ ಮಿಂದರೂ ಇಷ್ಟು ನೀರು ಬೇಡ! ಏಳಿ, ಕೊಡ ಹಿಡಿಯಿರಿ!"

ಸಂಜೆಯವರೆಗೆ ಆಚೆ ದಡದ ಮನೆಯೊಂದರ ಬಾವಿಯಿಂದ ನೀರು ಸೇದಿ, ಹೊತ್ತು, ದೋಣಿಗೆ ಏರಿಸಿ ತಂದೆ. ಎಂಟು ಸಲ! ಒಮ್ಮೆಯೂ ದೋಣಿಯಲ್ಲಿ ಎದ್ದು ನಿಲ್ಲಲಿಲ್ಲ. ಒಂದು ಕೊಡ ನೀರಿನ ಭಾರ ಎಷ್ಟೆಂಬುದು ನನ್ನ ಸೊಂಟದ ಅವಗಾಹನೆಗೆ ಬಂದದ್ದು ಅಂದೇ. ಅಪ್ಪಿಯಕ್ಕ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಬಸಳೆಯ ಬುಡಕ್ಕೆ ಹಾಕುತ್ತಿದ್ದರು. ಅದನ್ನು ಪುಸ್ತಕದಲ್ಲಿ ನಮೂದಿಸುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಗಂಡಿನ ಕಡೆಯವರು ಬಂದರು. ಅಪ್ಪಿಯಕ್ಕ ಮೊದಲ ಲೋಟ ಕಾಫಿಯನ್ನು ನನ್ನ ಮುಂದೆ ಇಟ್ಟರು. "ನೀವು ಕುಡಿದು ಹೇಳಿ." ಮನೆಯವರೆಲ್ಲ ನನ್ನ ಬಾಯನ್ನೇ ನೋಡಿದರು. ಕುಡಿದೆ. ಸಿಹಿಯಾಗಿತ್ತು! ಮದುಮಗಳು ಮೊದಲ ಬಾರಿ ನಕ್ಕಳು. ಮಾತುಕತೆ ಮುಗಿಯಿತು, ತಾಂಬೂಲ ಬದಲಾಯಿತು.

ಊಟವಾದ ಮೇಲೆ ಸಮಾಧಾನದಿಂದ ಎದ್ದು, ಕೈ ತೊಳೆಯಲೆಂದು ಹೋಗಿ, ಅಭ್ಯಾಸಬಲದಿಂದ ಬಾವಿಹಗ್ಗಕ್ಕೆ ಕೈ ಚಾಚಿದೆ.

"ಮುಟ್ಟಬೇಡಿ!"

ಅಪ್ಪಿಯಕ್ಕ, ಸೇಸಪ್ಪ, ಮದುಮಗಳು, ನನ್ನ ಸ್ವಂತ ಪತ್ನಿ ಎಲ್ಲರೂ ಒಟ್ಟಿಗೆ ಕೂಗಿದರು! ಗಂಡಿನ ತಂದೆ ಬೆಚ್ಚಿಬಿದ್ದು ಕೇಳಿದರು: "ಎಂತ, ಈ ಬಾವಿಯಲ್ಲಿ ದೈವ ಉಂಟಾ?"

"ಇಲ್ಲ" ಎಂದ ಸೇಸಪ್ಪ, ಹಗ್ಗವನ್ನು ನನ್ನಿಂದ ದೂರ ಸರಿಸುತ್ತಾ. "ಇವರು ಲೇಖನ ಬರೆಯುವವರು."