ಭತ್ತದ ಡಾಕ್ಟ್ರು ಯಾವ ಫಾರ್ಮ್ಯಾಟಿನ್ಯಾಗ ಅದಾರ?

ನಮ್ಮ ಆಫೀಸಿನ್ಯಾಗ ಯಾವ ಕೆಲಸಾನೂ ಒಂದಾ ಸಲಕ್ಕ ನೆಟ್ಟಗ ಆಗಂಗಿಲ್ಲ. ಆತು ಅಂದ್ರ ನಮಗ ಅನುಮಾನ ಬರ್ತೈತಿ. ಬಿಚ್ಚಿ ಇನ್ನೊಂದು ಸಲ ನೋಡ್ತೀವಿ. ಅಷ್ಟೊತ್ತಿಗೆ ಕೆಟ್ಟಿರ್ತೈತಿ.

ನಾ ಇರೋದು ಬಳ್ಳಾರ್ಯಾಗ, ಬೀಜ ಗೊಬ್ಬರ ಮಾರಿ ಅದರ ಜೋಡಿ ರೈತರಿಗೆ ನಾಕು ಮಾತು ಬುದ್ಧಿನೂ ಹೇಳೋ ಒಂದು ಸಣ್ಣ ಕಂಪನ್ಯಾಗ. ಬುದ್ಧಿ ಹೇಳಾಕ ಒಬ್ರು ಡಾಕ್ಟ್ರು ಅದಾರ. ಮನಷ್ಯಾರ ಡಾಕ್ಟ್ರು ಅಲ್ಲ, ಭತ್ತದ ಡಾಕ್ಟ್ರು. ದೂರದ ಊರಾಗ ತಮ್ಮ ಮನ್ಯಾಗ ಕುಂತು ಕಂಪ್ಯೂಟರ್ ಮುಂದ ವೆಬಿನಾರ್ ಮಾಡ್ತಾರ, ನಾ ಇಲ್ಲಿ ರೆಕಾರ್ಡ್ ಮಾಡ್ತೀನಿ. ಆ ವಿಡಿಯೋನ ಸಿರುಗುಪ್ಪದ ಕೇಂದ್ರಕ್ಕೊಂದು, ಕುರುಗೋಡಿನ ಕೇಂದ್ರಕ್ಕೊಂದು ಕಳಸಬೇಕು. ಅಲ್ಲಿ ರೈತರನ್ನ ಕುಂದ್ರಿಸಿ ತೋರಸ್ತಾರ.

ಒಂದಿನ ಮ್ಯಾನೇಜರ್ ಸಾಹೇಬ್ರು ಕರದ್ರು. "ನೋಡು, ಈ ತಿಂಗಳ ಕೊನಿಗೆ ಡಾಕ್ಟ್ರು ಖುದ್ದು ಬರ್ತಾರ. ತಾವು ಹೇಳಿದ್ದು ರೈತರಿಗೆ ಮುಟ್ಟೇತೋ ಇಲ್ಲೋ ಅಂತ ಕೇಳ್ತಾರ. ಮುಟ್ಟಿಲ್ಲ ಅಂದ್ರ ನಿನ್ನ ಗೋದಾಮಿಗೆ ಹಾಕ್ತೀನಿ. ಅಲ್ಲಿ ಬೀಜದ ಚೀಲಕ್ಕ ಇಲಿ ಭಾಳ ಆಗ್ಯಾವು, ಕಾಯಾಕ ಒಬ್ರು ಬೇಕಾಗ್ಯಾರ."

"ಇಲಿ ಕಾಯೋದಂದ್ರ ಏನ್ ಮಾಡಬೇಕ್ರಿ ಸಾರ್?"

"ಹುಶ್ ಹುಶ್ ಅನ್ನಬೇಕು."

ನನಗ ಐವತ್ತು ದಾಟ್ಯಾವು. ಹುಶ್ ಹುಶ್ ಅಂತ ರಿಟೈರ್ ಆಗೋದು ನನಗ ಅಷ್ಟು ಸರಿ ಕಾಣಲಿಲ್ಲ.

ಬಸ್ಸಿನ್ಯಾಗ ಹೋದ ಡಾಕ್ಟ್ರು

ಮೊದಲು ಸಿರುಗುಪ್ಪದಾಗ ಓಡ್ಲಿ, ಆಮ್ಯಾಲೆ ಕುರುಗೋಡು ನೋಡೋಣು ಅಂದ್ಕೊಂಡೆ. ಫೈಲು ಭಾಳ ದೊಡ್ಡದಿತ್ತು. ವಾಟ್ಸಾಪ್‌ನ್ಯಾಗ ಹಾಕಿದ್ರ ಅದು ಬ್ಯಾಡ ಅಂತು. ಮೇಲ್‌ನ್ಯಾಗ ಹಾಕಿದ್ರ ಅದೂ ಬ್ಯಾಡ ಅಂತು. ಪೆನ್‌ಡ್ರೈವಿಗೆ ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ನಮ್ಮ ಕಡಿ ಊಟದ ಡಬ್ಬಿಯಿಂದ ಹಿಡದು ಮೋಟರ್ ಸಾಮಾನಿನ ತನಕ ಎಲ್ಲಾ ಬಸ್ಸಿನವರ ಕೈಯಾಗ ಹೋಗ್ತಾವು, ಇದೊಂದು ಹೋಗಂಗಿಲ್ಲೇನು?

ಸಿರುಗುಪ್ಪದ ಬಸ್ಸಿನ ಕಂಡಕ್ಟರ್ ಕೈಯಾಗ ಇಟ್ಟು, "ಅಣ್ಣಾ, ಹುಷಾರಿ. ಇದರಾಗ ನಮ್ಮ ಡಾಕ್ಟ್ರು ಅದಾರ. ಸಿರುಗುಪ್ಪದಾಗ ನಮ್ಮವರು ಬಂದು ಇಳಿಸ್ಕೊಂತಾರ," ಅಂದೆ.

ಅವರು ಪೆನ್‌ಡ್ರೈವ್ ತಿರಿಗಿಸಿ ಮುರಿಗಿಸಿ ನೋಡಿದ್ರು. ನನ್ನ ಮುಖ ನೋಡಿದ್ರು. ಆಮ್ಯಾಲೆ ಟಿಕೆಟ್ ಮಿಷಿನ್ ಕೈಗೆ ತಗಂಡು ಕೇಳಿದ್ರು:

"ಇವರಿಗೆ ಫುಲ್ ಟಿಕೆಟ್ಟೋ, ಅರ್ಧ ಟಿಕೆಟ್ಟೋ?"

ಸ್ಟಾಕ್ ಖಾಲಿ

ಸಿರುಗುಪ್ಪದ ಕೇಂದ್ರ ನೋಡ್ಕೊಳ್ಳೋದು ಒಬ್ಬ ಅಕ್ಕ. ನನಗಿಂತ ಸಣ್ಣಾಕಿ, ಆದ್ರ ಎಲ್ರೂ ಅಕ್ಕ ಅಂತಾರ, ಹೆದರಿ ನಾನೂ ಅಂತೀನಿ. ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ಳು.

"ಡಾಕ್ಟ್ರು ಬಂದಾರ, ಆದ್ರ ಬಾಯಿ ಬಿಡವಲ್ರು. ಏನೋ ಕೋಡೆಕ್ ಇಲ್ಲ ಅಂತ ತೋರಸ್ತೈತಿ."

"ಹೌದಕ್ಕ. ನಾ ಕಳಿಸಿದ ಫೈಲು ಎಂಕೆವಿ ಅನ್ನೋ ಫಾರ್ಮ್ಯಾಟಿಂದು. ಅದನ್ನ ಬಿಚ್ಚಾಕ ಕೋಡೆಕ್ ಬೇಕು, ನಿಮ್ಮ ಕಂಪ್ಯೂಟರ್ ಹಳೇದು, ಅದರಾಗ ಇಲ್ಲ. ಹಾಕಬೇಕು."

"ಹಾಕಿದ್ರಾತು ಬಿಡ್ರಿ, ಅದಕ್ಯಾಕ ಇಷ್ಟುದ್ದ ಹೇಳ್ತೀರಿ," ಅಂತ ಇಟ್ಟೇಬಿಟ್ಳು.

ಒಂದು ತಾಸಿನ ಮ್ಯಾಲೆ ಮತ್ತ ಫೋನು. "ಎದುರಿಗಿನ ಔಷಧ ಅಂಗಡ್ಯಾಗ ಕೇಳಿಸಿದೆ. ಕೋಡೆಕ್ ಖಾಲಿ ಆಗೇತಂತ. ಈ ಸಲ ಭಾಳ ಮಂದಿ ಒಯ್ದಾರಂತ. ಸೋಮವಾರ ಲೋಡು ಬರ್ತೈತಂತ."

ಕೋಡೆಕ್ ಅಂದ್ರ ಕಂಪ್ಯೂಟರಿನ ಒಂದು ಪ್ರೋಗ್ರಾಂ, ಎದುರಿಗಿನದು ಹುಳದ ಔಷಧದ ಅಂಗಡಿ. ಆ ಅಂಗಡಿ ಶೆಟ್ರು ಹುಟ್ಟಿದಾಗಿಂದ ಗಿರಾಕಿಗೆ "ನನಗ ಗೊತ್ತಿಲ್ಲ" ಅಂದವರಲ್ಲ.

"ಅಕ್ಕ, ಅದು ಅಲ್ಲಿ ಸಿಗೋದಲ್ಲ," ಅಂದೆ.

"ಸಿಗೋತನಕ ಬ್ಯಾರೆ ಕಂಪನೀದು ಕೊಟ್ಟಾರ್ರಿ. ಅದೂ ಹಂಗಾ ಕೆಲಸ ಮಾಡ್ತೈತಂತ. ಲೀಟರ್ ನೀರಿಗೆ ಎರಡು ಮಿಲಿ. ಪಂಪ್ ತುಂಬಿ ಇಟ್ಕೊಂಡೀನಿ. ಕಂಪ್ಯೂಟರ್‌ಗೆ ಮುಂದ ಹೊಡಿಬೇಕೋ, ಹಿಂದ ಹೊಡಿಬೇಕೋ, ಅಷ್ಟು ಹೇಳ್ರಿ."

ಕರೆಂಟ್ ಹೋದ್ರೂ ಬಿಡಲಿಲ್ಲ

ನಮ್ಮ ಓಣ್ಯಾಗ ಒಬ್ಬಾತ ಕಂಪ್ಯೂಟರ್ ರಿಪೇರಿ ಮಾಡ್ತಾನ. ಅವನ್ನ ಕೇಳಿದೆ. "ಹಳೇ ಕಾಲದಾಗ ಅದೀರಿ ಸಾರ್. ಈಗ ಹೊಸಾ ಫಾರ್ಮ್ಯಾಟ್ ಬಂದೈತಿ, ಅದಕ್ಕ ಬದಲಿಸ್ರಿ. ದೊಡ್ಡ ಫೈಲು ಸಣ್ಣದಾಗಿ ಕುಂದರ್ತೈತಿ, ನೆಟ್ಟಿನ್ಯಾಗ ಕಳಸಬೌದು," ಅಂದ. ಬದಲಿಸಿದೆ. ಹೌದು, ಸಣ್ಣದಾತು. ಕಳಿಸಿದೆ.

ಸಂಜಿಕ ಅಕ್ಕನಿಗೆ ಕೇಳಿದೆ, "ಓಡ್ತೇನಕ್ಕ?"

"ಓಡ್ತು. ದನಿ ಚಂದ ಬಂತು. ಚಿತ್ರ ಮಾತ್ರ ಬರಲಿಲ್ಲ, ಪರದಿ ತುಂಬ ಕರೀದು."

"ಅಯ್ಯೋ, ಮಂದಿ ಎದ್ದು ಹೋದ್ರೇನು?"

"ಯಾರೂ ಏಳಲಿಲ್ಲ. ದೇಶನೂರು, ರಾರಾವಿ ಕಡಿಂದ ಬಂದವರೆಲ್ಲಾ ಮುಗಿಯೋತನಕ ಕರೀ ಪರದೀನ ನೋಡ್ಕೋತ ಕುಂತಿದ್ರು. ತಡೀರಿ, ಇಲ್ಲೆ ದೇಶನೂರಿನ ಯಜಮಾನ್ರು ಅದಾರ, ಕೊಡ್ತೀನಿ."

ಯಜಮಾನ್ರು ಫೋನ್ ತಗಂಡ್ರು. ನಾ ತಪ್ಪಾತು ಅನ್ನಾಕ ಹೋದೆ, ಅವರು ಬಿಡಲಿಲ್ಲ.

"ಏ, ನಿಮ್ಮ ಡಾಕ್ಟ್ರು ಭಾಳ ಒಳ್ಳೆ ಮನಷ್ಯ ರೀ. ಮನ್ಯಾಗ ಕರೆಂಟ್ ಹೋಗಿ ಕತ್ಲು ಆದ್ರೂ ಮಾತು ನಿಲ್ಲಸಲಿಲ್ಲ. ನಾವು ಎದ್ದು ಹೋದ್ರ ಚಂದ ಕಾಣತೈತೇನು?"

ಟೇಬಲ್ ಫ್ಯಾನು

ಹೊಸಾದು ಬ್ಯಾಡ, ಹಳೇ ಕಂಪ್ಯೂಟರ್‌ಗೆ ಒಗ್ಗೋ ಹಳೇ ಫಾರ್ಮ್ಯಾಟಾ ಇರ್ಲಿ ಅಂತ ಮತ್ತ ಬದಲಿಸಾಕ ಕುಂತೆ. ಈ ಫಾರ್ಮ್ಯಾಟ್ ಬದಲಿಸೋದು ಅಂದ್ರ ಹಿಟ್ಟಿನ ಗಿರಣಿ ಇದ್ದಂಗ. ಒಂದು ಕಡಿ ಸುರವಿ, ಇನ್ನೊಂದು ಕಡಿ ಬರೋತನಕ ನಿಂದ್ರಬೇಕು. ನಡುವ ಕಂಪ್ಯೂಟರ್ ಬಿಸಿಯಾಗಿ ಆಫ್ ಆತು. ಮತ್ತ ಮೊದಲಿಂದ ಹಚ್ಚಿದೆ, ಮತ್ತ ಆಫ್ ಆತು. ಬಳ್ಳಾರಿ ಬಿಸಲು, ಅದರದೇನು ತಪ್ಪು. ಆಫೀಸಿನ್ಯಾಗ ಇರೋದು ಒಂದಾ ಟೇಬಲ್ ಫ್ಯಾನು, ಅದು ಮ್ಯಾನೇಜರ್ ಸಾಹೇಬ್ರದು. ಮೆಲ್ಲಕ ಅದರ ಮುಖ ಕಂಪ್ಯೂಟರ್ ಕಡಿ ತಿರಿಗಿಸಿದೆ.

ಸಾಹೇಬ್ರು ಕರ್ಚೀಫ್‌ನ್ಯಾಗ ಕುತ್ತಿಗಿ ವರಸ್ಕೋತ ಕೇಳಿದ್ರು, "ಅದಕ್ಕ ಗಾಳಿ, ನನಗ ಬೆವರು. ಇಲ್ಲಿ ಮ್ಯಾನೇಜರ್ ಯಾರು?"

"ನೀವಾ ಸಾರ್. ಆದ್ರ ನೀವು ಬಿಸಿಯಾದ್ರ ಬರೇ ಬೈತೀರಿ. ಅದು ಬಿಸಿಯಾದ್ರ ಮಕ್ಕೊಂಬಿಡ್ತೈತಿ."

ಸಾಹೇಬ್ರು ಕರ್ಚೀಫ್ ಮಡಚಿ ಇಟ್ರು. "ಹಂಗಾರ ನಾನೂ ಅದನ್ನ ಮಾಡ್ತೀನಿ," ಅಂತ ಕುರ್ಚಿಗೆ ತಲಿ ಆನಿಸಿ ಮಕ್ಕೊಂಡ್ರು. ಫೈಲು ತಯಾರಾದ ಮ್ಯಾಲೇನಾ ಅವರನ್ನ ಎಬ್ಬಿಸಿದ್ದು.

ಕುರುಗೋಡಿನ ದನಿ

ಈ ಮೂರನೇ ಫೈಲು ಸಿರುಗುಪ್ಪದಾಗ ದನಿ, ಚಿತ್ರ ಎರಡೂ ಕೂಡಿ ಓಡ್ತು. ಅದನ್ನಾ ಕುರುಗೋಡಿಗೂ ಕಳಿಸಿದೆ.

ಕುರುಗೋಡಿನ ಕೇಂದ್ರ ನೋಡ್ಕೊಳ್ಳೋರು ವಯಸ್ಸಿನಾಗ ಬಯಲಾಟದಾಗ ರಾಕ್ಷಸನ ಪಾತ್ರ ಕಟ್ಟಿದವರು. ಈಗ ಮಂಡಿ ನೋವು, ಕುಣಿಯಂಗಿಲ್ಲ, ದನಿ ಮಾತ್ರ ಹಂಗಾ ಐತಿ. ಅವರ ಫೋನ್ ಬಂದ್ರ ನಾ ಮೊಬೈಲ್ ಕಿವಿಗೆ ಹಚ್ಚಂಗಿಲ್ಲ, ಟೇಬಲ್ ಮ್ಯಾಲೆ ಇಟ್ಟು ಕೇಳ್ತೀನಿ.

"ತಮ್ಮಾ, ಇಲ್ಲಿ ಚಿತ್ರ ಬಂತು, ದನಿ ಬರಲಿಲ್ಲ."

ನಾ ತಲಿ ಮ್ಯಾಲೆ ಕೈ ಹೊತ್ತು ಕುಂತೆ. ಸಿರುಗುಪ್ಪದಾಗ ಓಡಿದ್ದು ಕುರುಗೋಡಿನ ಕಂಪ್ಯೂಟರ್‌ಗೆ ಒಗ್ಗಲಿಲ್ಲ. "ಮಂದೀನ ವಾಪಸ್ ಕಳಿಸಿದ್ರೇನ್ರಿ ಯಜಮಾನ್ರ?"

"ಬಂದ ಮಂದೀನ ವಾಪಸ್ ಕಳಸಿದ ಮಗ ನಾನಲ್ಲ. ಡಾಕ್ಟ್ರು ಬಾಯಿ ಆಡಸ್ತಿದ್ರು, ದನಿ ನಾನಾ ಹಾಕಿದೆ."

"ಅವರು ಏನ್ ಹೇಳ್ತಾರಂತ ನಿಮಗ ಹೆಂಗ ಗೊತ್ತಾತು?"

"ಪಕ್ಕದಾಗ ಕನ್ನಡದಾಗ ಬರದಿದ್ದು ಬರ್ತಿತ್ತಲ್ಲ, ಅದನ್ನಾ ಓದಿದೆ. ಬರೀ ಓದಿದ್ರ ಯಾರು ಕೇಳ್ತಾರ, ಸ್ವಲ್ಪ ಏರಿಸಿ ಓದಿದೆ. 'ಎಲವೋ ಕಾಂಡಕೊರಕ ಹುಳವೇ, ಎಳೆಯ ಸುಳಿಯನ್ನು ತಿಂದು ಕೊಬ್ಬಿದ ಖಳನೇ.' ಇಂಥಾದ್ದು."

"ಯಜಮಾನ್ರ, ಬ್ಯಾಡ. ನಾಳಿಗೆ ದನಿ ಇರೋ ಫೈಲು ಮಾಡಿ ಕಳಸ್ತೀನಿ."

"ಕಳಸಿಗಿಳಸಿ ಮತ್ತ, ಜೋಕಿ! ಇನ್ನೂ ಮೂರು ಆಟ ಬುಕ್ ಆಗ್ಯಾವು."

ಬುಟ್ಟಿ ಹಿಡಕೊಂಡು ಬಂದವರು

ತಿಂಗಳ ಕೊನಿ ಬಂತು, ಡಾಕ್ಟ್ರೂ ಬಂದ್ರು. ಸಣ್ಣ ದನಿಯ ಮನಷ್ಯ, ಪುಸ್ತಕದಾಗಿದ್ದಂಗ ಮಾತಾಡ್ತಾರ. ಜೀಪಿನ್ಯಾಗ ಮುಂದ ಅವರು, ಹಿಂದ ಮ್ಯಾನೇಜರ್ ಸಾಹೇಬ್ರು, ನಾನು. ಮೊದಲು ಸಿರುಗುಪ್ಪ. ಡಾಕ್ಟ್ರು ಕೇಳಿದ್ದಕ್ಕೆಲ್ಲಾ ರೈತರು ಸರಿಯಾಗಿ ಹೇಳಿದ್ರು. ದೇಶನೂರಿನ ಯಜಮಾನ್ರು ಮಾತ್ರ ಅವರ ಕೈ ಹಿಡಕೊಂಡು, "ಮನಿಗೆ ಕರೆಂಟ್ ಬಂತೇನ್ರಿ ಸಾರ್?" ಅಂದ್ರು. ಡಾಕ್ಟ್ರು, "ಬಂದಿದೆ," ಅಂದ್ರು. ಅಲ್ಲಿಗೆ ಅರ್ಧ ಗೋದಾಮು ತಪ್ತು.

ಕುರುಗೋಡಿಗೆ ಬಂದ್ವಿ. ಕೇಂದ್ರದ ಮುಂದ ರೈತರು ಸಾಲಾಗಿ ನಿಂತಿದ್ರು. ಒಬ್ಬೊಬ್ಬರ ಕೈಯಾಗ ಒಂದೊಂದು ಬುಟ್ಟಿ. ಬುಟ್ಯಾಗಿಂದ ಮಿಯಾಂವ್ ಅಂತ ದನಿ.

"ಇದೇನು?" ಅಂದ್ರು ಡಾಕ್ಟ್ರು.

"ಬೆಕ್ಕು ರೀ ಸಾರ್. ಹೊಲಕ್ಕೊಂದು ಬೆಕ್ಕು ಬಿಡ್ರಿ ಅಂತ ನೀವಾ ಹೇಳಿದ್ರಲ್ಲ."

"ನಾನು ಬೆಕ್ಕಿನ ವಿಷಯ ಹೇಳೇ ಇಲ್ಲವಲ್ಲ."

"ಹೇಳೀರಿ. ಎತ್ತಿ ಹಿಡದು ತೋರಿಸೀರಿ."

ಮ್ಯಾನೇಜರ್ ಸಾಹೇಬ್ರು ನನ್ನ ಕಿವ್ಯಾಗ ಮೆಲ್ಲಕ "ಹುಶ್ ಹುಶ್" ಅಂದ್ರು.

ಡಾಕ್ಟ್ರು ವಿಡಿಯೋ ಹಚ್ಚಿ ತೋರಿಸಿ ಅಂದ್ರು. ಹಚ್ಚಿದ್ವಿ. ಪರದಿ ಮ್ಯಾಲೆ ಡಾಕ್ಟ್ರು ಬಾಯಿ ತೆಗದ್ರು. ಪಕ್ಕದಾಗ ನಿಂತ ಕುರುಗೋಡಿನ ಯಜಮಾನ್ರೂ ಬಾಯಿ ತೆಗದ್ರು. ಕಿಟಕಿ ಗಾಜು ನಡಗಿದ್ವು. ಡಾಕ್ಟ್ರು ಕನ್ನಡಕ ಏರಿಸಿದ್ರ ಇವರು "ಎಲವೋ" ಅಂತಾರ, ನೀರು ಕುಡದ್ರ "ಆಹಾ" ಅಂತಾರ. ನಡುವ ಡಾಕ್ಟ್ರ ಮನಿ ಬೆಕ್ಕು ಟೇಬಲ್ ಮ್ಯಾಲೆ ಜಿಗೀತು. ಪಾಪ, ಅವರು ಅದನ್ನ ಎತ್ತಿ ಪಕ್ಕಕ್ಕ ಇಟ್ರು, ಅಷ್ಟಾ. ಆದ್ರ ಯಜಮಾನ್ರು ದನಿ ನಿಲ್ಲಸಂಗಿಲ್ಲಲ್ಲ. "ನೋಡಿರಿ ರೈತ ಬಾಂಧವರೇ, ಇಲಿಗಳ ಕುಲಕ್ಕೆ ಯಮ. ಹೊಲಕ್ಕೊಂದು ಬಿಡಿರಿ," ಅಂತ ಗುಡುಗಿದ್ರು.

ವಿಡಿಯೋ ಮುಗೀತು. ಡಾಕ್ಟ್ರು ಒಂದು ಬುಟ್ಟಿ ಒಳಗ ಹಣಿಕಿ ಹಾಕಿ, ಒಬ್ಬ ರೈತನ್ನ ಕೇಳಿದ್ರು, "ಇಲಿ ಕಡಿಮೆ ಆಗಿದೆಯೇ?"

"ಭಾಳ ಕಡಿಮಿ ಆಗ್ಯಾವ್ರಿ."

ಡಾಕ್ಟ್ರು ಮ್ಯಾನೇಜರ್ ಕಡಿ ತಿರಗಿದ್ರು. "ಬೆಕ್ಕಿನ ವಿಷಯ ನಾನೇ ಹೇಳಿದ್ದು. ಈಗ ನೆನಪಾಯಿತು." ಆಮ್ಯಾಲೆ ಯಜಮಾನ್ರ ಕಡಿ ನೋಡಿ ನಾಚಿಗೊಂಡು, "ಮುಂದಿನ ಸಲ ನಾನು ಬಾಯಿ ಆಡಿಸುತ್ತೇನೆ, ಸಾಕಲ್ಲವೇ?" ಅಂದ್ರು.

ಒಬ್ಬಾತ ಅದನ್ನೆಲ್ಲಾ ಮೊಬೈಲ್‌ನ್ಯಾಗ ಹಿಡದಿದ್ದ. ಅದು ಸಿರುಗುಪ್ಪದಾಗೂ ಓಡ್ತು, ಕುರುಗೋಡಿನ್ಯಾಗೂ ಓಡ್ತು, ಫ್ಯಾನ್ ತಿರಿಗಿಸಲಾರದಾ ನಮ್ಮ ಆಫೀಸಿನ್ಯಾಗೂ ಓಡ್ತು. ಸಾಹೇಬ್ರು ಕೇಳಿದ್ರು, "ಇದು ಯಾವ ಫಾರ್ಮ್ಯಾಟು?"

"ಸಾದಾ ಎಂಪಿ ಫೋರ್ ಸಾರ್. ಎಲ್ಲಾರ ಮೊಬೈಲ್‌ನ್ಯಾಗೂ ಇರ್ತೈತಿ."

"ಮತ್ತ ಇಷ್ಟು ದಿನ ನೀ ಏನ್ ಮಾಡಾಕತ್ತಿದ್ದಿ?"

ನಾ ತಲಿ ಬಗ್ಗಿಸಿದೆ. ತೊಡಿ ಮ್ಯಾಲೆ ಒಂದು ಬೆಕ್ಕಿನ ಬುಟ್ಟಿ ಇತ್ತು. ಕುರುಗೋಡಿನವರು ಡಾಕ್ಟ್ರಿಗೆ ಪ್ರೀತಿಲೆ ಕೊಟ್ಟಿದ್ರು, ಡಾಕ್ಟ್ರು ಮನ್ಯಾಗ ಒಂದೈತಿ ಅಂತ ನನ್ನ ತೊಡಿ ಮ್ಯಾಲೆ ಇಟ್ಟು ಹೋಗಿದ್ರು.

ಸೋಮವಾರ ಮುಂಜಾನಿ ಸಾಹೇಬ್ರು ಕರದು ಗೋದಾಮಿನ ಆರ್ಡರ್ ಕೈಯಾಗ ಕೊಟ್ರು. ಓದಿ ನೋಡಿದೆ. ಆರ್ಡರು ಬೆಕ್ಕಿಗೆ ಆಗಿತ್ತು. ನನಗ ಬರದಿದ್ದು ಕೆಳಗ ಒಂದಾ ಸಾಲು: ದಿನಾ ಅದಕ್ಕ ಹಾಲು ಒಯ್ದು ಕೊಡತಕ್ಕದ್ದು, ಹುಶ್ ಅನ್ನತಕ್ಕದ್ದಲ್ಲ.