ಚಹಾ ಮುಗಿಯುವಷ್ಟರಲ್ಲಿ ಹಾರಿಹೋದ ಹಕ್ಕಿಗಳು

ಹಕ್ಕಿ ನೋಡುವ ಹುಚ್ಚಿರುವವರಲ್ಲಿ ಎರಡು ಪಂಗಡ. ಹಕ್ಕಿಯನ್ನು ನೋಡಿದವರದು ಒಂದು, ಹಕ್ಕಿ ಸ್ವಲ್ಪ ಹೊತ್ತಿನ ಮುಂಚೆ ಕೂತಿದ್ದ ಜಾಗವನ್ನು ನೋಡಿದವರದು ಇನ್ನೊಂದು. ನಾನು ಈ ಎರಡನೆಯ ಪಂಗಡದ ಹಿರಿಯ ಸದಸ್ಯ. ನನ್ನ ಮೊಬೈಲಿನಲ್ಲಿ ಖಾಲಿ ತಂತಿ, ಖಾಲಿ ಜಾಲಿಗಿಡ, ಖಾಲಿ ಕೆರೆ ಏರಿ ಇವುಗಳ ಚಿತ್ರಗಳು ಬೇಕಾದಷ್ಟಿವೆ. ಮನೆಗೆ ನೆಂಟರು ಬಂದರೆ ನನ್ನ ಹೆಂಡತಿ ಶೈಲಾ ಆ ಚಿತ್ರಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸುತ್ತಾ, "ಇದು ನಮ್ಮವರು ನೋಡಲಾರದ ಹಕ್ಕಿ ನೋಡ್ರಿ, ಇದು ಅದರಕಿಂತಾ ಅಪರೂಪದ್ದು, ಇದನ್ನೂ ನೋಡಿಲ್ಲ" ಎಂದು ವಿವರಿಸುತ್ತಾಳೆ. ನೆಂಟರು ಚಿತ್ರವನ್ನು ದೊಡ್ಡದು ಮಾಡಿ, ಎಲೆಗಳ ಸಂದಿಯಲ್ಲಿ ಹುಡುಕಿ, ಪಾಪ, ಏನೂ ಕಾಣದೆ ನನ್ನತ್ತ ಕನಿಕರದಿಂದ ನೋಡುತ್ತಾರೆ.

ಇದಕ್ಕೆ ಸೋಮಾರಿತನ ಕಾರಣವಲ್ಲ. ವಿದ್ಯಾನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ರಜೆಯ ದಿನ ಹಾಲಿನವನಿಗಿಂತ ಮೊದಲೇ ಏಳುತ್ತೇನೆ. ನನ್ನ ದುರ್ಬೀನೂ ಒಳ್ಳೆಯದೇ. ಎಲ್ಲಕ್ಕೂ ಕಾರಣ ಚಹಾ. ಹುಬ್ಬಳ್ಳಿ-ಧಾರವಾಡದ ಆಸುಪಾಸಿನಲ್ಲಿ ಪರಿಚಯದವರ ಮನೆಯ ಮುಂದೆ ಹಾಯ್ದು ಹೋಗುವವನಿಗೆ ಎರಡೇ ದಾರಿ. ಒಳಗೆ ಹೋಗಿ ಚಹಾ ಕುಡಿಯಬೇಕು, ಇಲ್ಲವೇ ಮುಂದಿನ ಸಲ ಅವರ ಮುಖ ನೋಡುವಾಗ ತಲೆ ತಗ್ಗಿಸಬೇಕು. ಬೇಡ ಎಂದರೆ ನಮ್ಮಲ್ಲಿ ಬೇಡ ಎಂದು ಯಾರೂ ತಿಳಿಯುವುದಿಲ್ಲ, ನಾಚಿಕೆಯ ಮನುಷ್ಯ ಎಂದು ತಿಳಿಯುತ್ತಾರೆ. ನಾಚಿಕೆಯ ಮನುಷ್ಯನಿಗೆ ಚಹಾದ ಜೊತೆ ಅವಲಕ್ಕಿಯೂ ಬರುತ್ತದೆ.

ಹೀಗೆ ಅಮ್ಮಿನಬಾವಿಯ ಹೊಲದಲ್ಲಿ ಯುರೋಪಿನ ನೀಲಕಂಠವೊಂದು ಇಳಿದಿದೆ ಎಂದು ಸುದ್ದಿ ಬಂದಾಗ ನಾನು ಎಲ್ಲರಿಗಿಂತ ಮೊದಲು ಆ ಊರು ಮುಟ್ಟಿದ್ದೆ. ಆದರೆ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಗಾಡಿ ತಡೆದರು. ಉಪ್ಪಿಟ್ಟು ಆಗುವತನಕ ಅವರ ಎತ್ತುಗಳ ಗುಣಗಾನ ಕೇಳಿದೆ, ಉಪ್ಪಿಟ್ಟು ಆದ ಮೇಲೆ ಉಪ್ಪಿಟ್ಟಿನ ಗುಣಗಾನವನ್ನು ನಾನು ಮಾಡಿದೆ. ಹೊಲಕ್ಕೆ ಹೋದಾಗ ಹುಬ್ಬಳ್ಳಿಯಿಂದ ತಡವಾಗಿ ಹೊರಟ ಗೆಳೆಯರೆಲ್ಲ ಹಕ್ಕಿ ನೋಡಿ ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದರು. "ಈಗರೆ ಹಾರಿ ಹೋತ್ರಿ ಸರ್ರ" ಎಂದರು. ಈ ಒಂದು ವಾಕ್ಯವನ್ನು ನಾನು ಕೇಳಿದಷ್ಟು ಸಲ ನನ್ನ ಹೆಸರನ್ನೂ ಯಾರೂ ಕರೆದಿರಲಾರರು.

ನೀಲಕಂಠ ಹೋದರೆ ಹೋಗಲಿ. ನನಗೆ ಕೊರಗಾಗಿ ಉಳಿದದ್ದು ಅಮೂರ್ ಚಾಣ. ಪಾರಿವಾಳಕ್ಕಿಂತ ಒಂದಿಷ್ಟು ಚಿಕ್ಕದಾದ, ಕೆಂಪು ಕಾಲಿನ ಈ ಪುಟ್ಟ ಬೇಟೆಹಕ್ಕಿ ದೂರದ ಉತ್ತರದ ದೇಶದಿಂದ ಹೊರಟು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ಆ ದೊಡ್ಡ ಪ್ರವಾಸದ ನಡುವೆ, ದೀಪಾವಳಿ ಕಳೆದ ಮೇಲೆ, ಹೆಬ್ಬಳ್ಳಿಯ ಕಪ್ಪು ಮಣ್ಣಿನ ಎರಿ ಹೊಲಗಳ ಮೇಲಿನ ಕರೆಂಟು ತಂತಿಯ ಮೇಲೆ ಒಂದೆರಡು ದಿನ ಕೂತು ದಣಿವಾರಿಸಿಕೊಳ್ಳುತ್ತದೆ. ಕೆಲವು ವರ್ಷ ಆ ಪುಣ್ಯವೂ ಇಲ್ಲ. ಅಷ್ಟು ದೂರದಿಂದ ಬಂದ ಜೀವವನ್ನು ನಮ್ಮ ಹೊಲದಲ್ಲಿ ಒಂದು ಸಲ ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ. ಬೇರೆ ಹಕ್ಕಿ ತಪ್ಪಿದರೆ ಬೇಜಾರಾಗುತ್ತದೆ, ಇದು ತಪ್ಪಿದರೆ ಊಟ ಸೇರುವುದಿಲ್ಲ. ಊಟ ಎಂದದ್ದು ಮನೆಯ ಊಟ. ಹೊರಗಿನದಕ್ಕೆ ಅಡ್ಡಿಯಾದದ್ದಿಲ್ಲ ಎಂದು ಶೈಲಾ ತಿದ್ದುತ್ತಾಳೆ.

ಹೆಬ್ಬಳ್ಳಿಯ ಗುರುಸಿದ್ದಪ್ಪ ಕಾಕಾ ಪರಿಚಯವಾದದ್ದೂ ಈ ಚಾಣದಿಂದಲೇ. ರಕ್ತಸಂಬಂಧವೇನಿಲ್ಲ. ಮೊದಲ ಸಲ ಅವರ ಹೊಲದ ಬದುವಿನಲ್ಲಿ ದುರ್ಬೀನು ಹಿಡಿದು ನಿಂತಿದ್ದಾಗ ನನ್ನನ್ನು ಪ್ಲಾಟು ಮಾಡುವವರ ಕಡೆಯವನೆಂದು ತಿಳಿದು, "ಈ ಹೊಲಾ ಮಾರಾಕಿಲ್ರಿ" ಎಂದು ಜೋರಾಗಿಯೇ ಹೇಳಿದ್ದರು. ಹಕ್ಕಿ ನೋಡಲು ಬಂದೆ ಎಂದಾಗ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿ, "ಮುಂಜಾನೆ ಏನರೆ ತಿಂದೀರೋ ಇಲ್ಲೋ" ಎಂದು ಕೇಳಿದರು. ಅಲ್ಲಿಂದ ಅವರು ಕಾಕಾ, ಅವರ ಹೆಂಡತಿ ಗಂಗವ್ವ ನನಗೆ ಕಾಕಿ. ಆ ದಿನವೂ ಚಾಣ ಕಾಣಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕಳೆದ ವರ್ಷ ದೀಪಾವಳಿಯ ನಂತರ, ಕಾಲೇಜಿಗೆ ರಜೆಯಿದ್ದ ಒಂದು ಸೋಮವಾರ ಬೆಳಗ್ಗೆ ಕಾಕಾನ ಫೋನು ಬಂತು. "ಸರ್ರ, ನಿಮ್ಮ ಹಕ್ಕಿ ಬಂದಾವ್ರಿ. ತಂತಿ ಮ್ಯಾಲೆ ಸಾಲಾಗಿ ಕುಂತಾವ. ಲಗೂನ ಬರ್ರಿ."

ಹೊಲಕ್ಕೆ ಹೋಗುವ ಹಾದಿ ಅವರ ಮನೆಯ ಮುಂದೆಯೇ. ಹಿಂದಿನ ಅನುಭವದಿಂದ ಹಣ್ಣಾಗಿದ್ದ ನಾನು ಶೈಲಾಳ ಮುಂದೆ ನನ್ನ ಕಷ್ಟ ತೋಡಿಕೊಂಡೆ. ಅವಳು ಕ್ಷಣವೂ ಯೋಚಿಸದೆ, "ಸೋಮವಾರ ಐತಲ್ಲ, ಒಪ್ಪತ್ತು ಅದೇನಿ ಅಂತ ಹೇಳ್ರಿ. ಒಪ್ಪತ್ತು ಇದ್ದವರಿಗೆ ಯಾರೂ ಒತ್ತಾಯ ಮಾಡಂಗಿಲ್ಲ" ಎಂದಳು. ಇಂಥ ಸರಳ ಉಪಾಯ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ನನ್ನ ವಿದ್ಯೆಗೆ ನಾನೇ ನಾಚಿಕೊಂಡು ಗಾಡಿ ಹತ್ತಿದೆ.

ಕಾಕಿ ಕಟ್ಟೆಯ ಮೇಲೆ ನಿಂತೇ ಇದ್ದರು. ನಾನು ಗಾಡಿಯಿಂದ ಇಳಿಯದೆ, "ಕಾಕಿ, ಇವತ್ತ ಏನೂ ಬ್ಯಾಡ್ರಿ, ಸೋಮವಾರ ಒಪ್ಪತ್ತು ಅದೇನಿ" ಎಂದೆ. ಕಾಕಿಯ ಮುಖ ಅರಳಿತು. "ಖರೇನ ಏನ್ರಿ? ನಂದೂ ಒಪ್ಪತ್ತು ಐತಿ. ಬರ್ರಿ ಬರ್ರಿ, ಫಳಾರಕ್ಕ ಸಾಬೂದಾಣಿ ನೆನಸಿಟ್ಟೇನಿ" ಎಂದು ಗಾಡಿಯ ಬಾಗಿಲನ್ನು ತಾವೇ ತೆಗೆದರು. ಒಳಗೆ ಹೋದ ಮೇಲೆ ಇನ್ನೊಂದು ಪ್ರಶ್ನೆ ಬಂತು. "ಲಿಂಗಪೂಜಿ ಆಗೇತೇನ್ರಿ ಸರ್ರ?" ಆಗಿದೆ ಎನ್ನಲು ಬಾಯಿ ಬರಲಿಲ್ಲ. ಒಪ್ಪತ್ತಿನ ಸುಳ್ಳೇ ಹೊಸದು, ಅದರ ಮೇಲೆ ಪೂಜೆಯ ಸುಳ್ಳು ಹೇಳಲು ಧೈರ್ಯ ಸಾಲಲಿಲ್ಲ. "ಇನ್ನೂ ಇಲ್ರಿ" ಎಂದೆ. ಆಯಿತು. ಮಣೆ ಬಂತು, ವಿಭೂತಿ ಬಂತು, ಬಿಲ್ವಪತ್ರಿ ಬಂತು. ದುರ್ಬೀನು ಗೂಟಕ್ಕೆ ಹೋಯಿತು. ನಾನು ಕಣ್ಣು ಮುಚ್ಚಿ ಕೂತೆ. ಮುಚ್ಚಿದ ಕಣ್ಣಿನ ಒಳಗೆ ಶಿವನ ಬದಲು ತಂತಿ ಕಾಣುತ್ತಿತ್ತು, ತಂತಿಯ ಮೇಲೆ ಕೆಂಪು ಕಾಲುಗಳು ಕಾಣುತ್ತಿದ್ದವು.

ಪೂಜೆ ಮುಗಿಸಿ ಖಿಚಡಿಯ ತಾಟಿನ ಮುಂದೆ ಕೂತಾಗ ಮಾಳಿಗೆಯ ಮೇಲಿಂದ ಕಾಕಾನ ದನಿ ಕೇಳಿತು. "ಸರ್ರ, ಎದ್ದು ಬರ್ರಿ. ಒಂದು ನಮ್ಮ ಹಿತ್ತಲ ತಂತಿ ಮ್ಯಾಲೇನ ಬಂದು ಕುಂತೈತಿ." ನಾನು ಏಳುವುದರಲ್ಲಿದ್ದೆ, ಒಂದು ಮೊಣಕಾಲು ಎತ್ತಿಯೂ ಇದ್ದೆ. ಆ ಹೊತ್ತಿಗೇ ಎದುರಿಗೆ ಕೂತಿದ್ದ ಕಾಕಿ ತಮ್ಮ ತಾಟಿಗೆ ಮೊಸರು ಹಾಕಿಕೊಳ್ಳುತ್ತಾ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ನಿಮ್ಮ ಕಾಕಾಗ ಹಸಿವಿ ತಡ್ಯಂಗಿಲ್ರಿ, ಅವರು ಒಪ್ಪತ್ತು ಮಾಡೂದಿಲ್ಲ. ಮದಲ ನಮ್ಮ ನೆಗೆಣ್ಣಿ, ಇವರ ತಮ್ಮನ ಹೆಂಡ್ತಿ, ಇದ್ಲು, ಇಬ್ಬರೂ ಕೂಡಿ ಉಣ್ತಿದ್ವಿ. ಅಕಿ ಬೆಳಗಾವಿಗೆ ಹೋದಾಗಿಂದ ಸೋಮವಾರ ಒಬ್ಬಾಕಿನ ತಾಟಿನ ಮುಂದ ಕುಂಡ್ರೂದು. ಇವತ್ತ ಜೋಡಿ ಸಿಕ್ರಿ ನೋಡ್ರಿ, ಭಾಳ ಛಲೋ ಆತು."

ಎತ್ತಿದ ಮೊಣಕಾಲನ್ನು ನಾನು ಮೆಲ್ಲಗೆ ಕೆಳಗಿಟ್ಟೆ. ಎರಡನೆಯ ಸಲ ಖಿಚಡಿ ಹಾಕಿಸಿಕೊಂಡೆ. ನನಗೆ ನನ್ನ ಮೇಲೆ ಸಿಟ್ಟು ಬಂದಿತ್ತು, ಆದರೆ ಖಿಚಡಿಯ ಮೇಲೆ ಬರಲಿಲ್ಲ, ಕಾಕಿಯ ಮೇಲಂತೂ ಬರಲೇ ಇಲ್ಲ. ಊಟ ಮುಗಿಸಿ ಮಾಳಿಗೆ ಹತ್ತಿದಾಗ ಕಾಕಾ ಖಾಲಿ ತಂತಿಯನ್ನು ತೋರಿಸಿ, "ಇಲ್ಲೇ ಕುಂತಿತ್ರಿ. ಇರ್ಲಿ ಬಿಡ್ರಿ, ಹಕ್ಕಿ ಎಲ್ಲಿ ಹೊಕ್ಕಾವು, ಮುಂದಿನ ವರ್ಷ ಮತ್ತ ಬರ್ತಾವ" ಎಂದು ಸಮಾಧಾನ ಮಾಡಿದರು. ಆಫ್ರಿಕಾಕ್ಕೆ ಹೋಗುತ್ತವೆ ಎಂದು ಹೇಳುವ ಮನಸ್ಸಾಗದೆ, ನಾನು ತಂತಿಯ ಫೋಟೋ ತೆಗೆದುಕೊಂಡೆ.

ಆ ದಿನ ಮನೆಗೆ ಬಂದು ಒಣ ಹೊಟ್ಟೆಕಿಚ್ಚಿನಿಂದ ವಾಟ್ಸಾಪಿನಲ್ಲಿ ಉಳಿದವರ ಚಾಣಗಳನ್ನು ನೋಡುತ್ತಿದ್ದಾಗ ಶೈಲಾ ಚೀಲ ಬಿಚ್ಚಿದಳು. ಕಾಕಿ ಕೊಟ್ಟ ಶೇಂಗಾ ಉಂಡಿಯ ಡಬ್ಬಿ ಇತ್ತು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, "ಹಕ್ಕಿ ನೋಡಿದ್ರ ಇದು ಸಿಗ್ತಿತ್ತೇನ್ರಿ?" ಎಂದಳು. ಅವಳು ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಮ್ಮಿನಬಾವಿಯ ಆ ಉಪ್ಪಿಟ್ಟಿನ ಮನೆಯವರು ರೊಟ್ಟಿಯ ಗಂಟು ಹೊತ್ತು ಬಂದು ವಾರ್ಡಿನ ಬಾಗಿಲಲ್ಲಿ ನಿಂತದ್ದು ನನಗೆ ಆಗ ನೆನಪಾಯಿತು. ಆ ದಿನ ಸೀದಾ ನೀಲಕಂಠದ ಹತ್ತಿರ ಹೋಗಿದ್ದರೆ ಅವರ ಮನೆಯ ಹೊಸ್ತಿಲನ್ನೇ ನಾನು ತುಳಿಯುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಗಾಡಿಯ ಸಪ್ಪಳ ಕೇಳಿ ಒಲೆ ಹಚ್ಚುವ ಮನೆಗಳು ಇಷ್ಟಿವೆಯಲ್ಲ, ಅವೆಲ್ಲ ನಾನು ನೋಡದ ಹಕ್ಕಿಗಳು ಕೊಟ್ಟವು. ಆ ಹಕ್ಕಿಗಳಿಗೆ ನಾನು ಋಣಿ. ಮೊದಲ ಸಲ ಹಾಗನ್ನಿಸಿ ಒಂದು ಉಂಡಿ ತಿಂದೆ. ಅದಾದ ಮೇಲೆ, ಶಿವನ ಎದುರಿಗೆ ಹೇಳಿದ ಸುಳ್ಳನ್ನು ಹಾಗೇ ಬಿಡುವುದು ಸರಿಯಲ್ಲವೆಂದು ನಿಜವಾಗಿಯೇ ಸೋಮವಾರ ಒಪ್ಪತ್ತು ಹಿಡಿದೆ. ಕಾಲೇಜಿಗೆ ರಜೆಯಿದ್ದ ಸೋಮವಾರ ಫಳಾರಕ್ಕೆ ಹೆಬ್ಬಳ್ಳಿಗೇ ಹೋಗುತ್ತೇನೆ. ಕಾಕಿಯ ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ಶೈಲಾ ಏನಾದರೂ ತುಂಬಿ ಕಳಿಸುತ್ತಾಳೆ, ಅದು ಮತ್ತೆ ತುಂಬಿಕೊಂಡೇ ಮರಳುತ್ತದೆ.

ಈ ವರ್ಷ ಕಾಕಾನ ಫೋನು ಬುಧವಾರ ಬಂತು. ಯಾವ ಒಪ್ಪತ್ತೂ ಇಲ್ಲ, ಪೂಜೆಯ ಗೊಡವೆಯಿಲ್ಲ, ಕಾಲೇಜಿಗೂ ರಜೆ. "ಈ ಸಲ ಸೀದಾ ಹೊಲಕ್ಕ" ಎಂದು ನಾನು ಗಾಡಿಯಲ್ಲಿ ನನಗೇ ಹೇಳಿಕೊಳ್ಳುತ್ತಾ ಹೋದೆ. ಕಾಕಿ ಎಂದಿನಂತೆ ಕಟ್ಟೆಯ ಮೇಲಿದ್ದರು. ನಾನು ಡಬ್ಬಿ ಕೊಡಲು ಕಿಟಕಿ ಇಳಿಸಿ, ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೈ ಬೀಸಿದರು. "ನಿಂದರಬ್ಯಾಡ್ರಿ ಸರ್ರ. ನಿಮ್ಮ ಕಾಕಾ ಭಾಳ ಬೈದಾರ, ಪ್ರತಿ ಸಲಾ ನನ್ನಿಂದನ ನಿಮ್ಮ ಹಕ್ಕಿ ತಪ್ಪತೈತಂತ. ಇವತ್ತ ಚಹಾನೂ ಬ್ಯಾಡ, ಏನೂ ಬ್ಯಾಡ. ಹೋಗಿ ಹಕ್ಕಿ ನೋಡ್ರಿ."

ದೂರದ ತಂತಿಯ ಮೇಲೆ ಸಾಲಾಗಿ ಏನೋ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. ದುರ್ಬೀನು ಕೊರಳಲ್ಲೇ ಇತ್ತು. ಗಾಡಿ ಮುಂದೆ ಬಿಡುವುದಷ್ಟೇ ಬಾಕಿ. ಆದರೆ ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ, ಒಬ್ಬರ ಮನೆಯ ಮುಂದೆ ನಿಂತು ಚಹಾ ಬೇಡ ಹೋಗು ಎನ್ನಿಸಿಕೊಂಡದ್ದು ಅದೇ ಮೊದಲು. ಹಾಲು ಒಡೆದಿದೆಯೋ, ನನ್ನಿಂದೇನಾದರೂ ತಪ್ಪಾಗಿದೆಯೋ ಎಂದು ಮನಸ್ಸು ಎಲ್ಲೆಲ್ಲೋ ಹೋಯಿತು. ಕಾಕಿ ಡಬ್ಬಿ ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ನಾನು ಗಾಡಿ ಬಂದ್ ಮಾಡಿ ಇಳಿದೆ, ಕಟ್ಟೆ ಹತ್ತಿ ಚಪ್ಪಲಿ ಬಿಟ್ಟೆ.

"ಹಕ್ಕಿ ಎಲ್ಲಿ ಹೊಕ್ಕಾವ್ರಿ ಕಾಕಿ," ಎಂದೆ. "ಮದಲ ಚಹಾಕ್ಕ ಇಡ್ರಿ."