ಕಮಾನಿನ ಕೆಳಗೆ ಹೇಳಬೇಕಿದ್ದ ಮಾತು

ತೊಂದರೆಗೆಲ್ಲ ಕಾರಣ ಜೊಕಿರನ ಜೇಬಿನಲ್ಲಿದ್ದ ಒಂದು ಸಣ್ಣ ಕೀಲಿಕೈ. ಸಮರ್ಕಂದಿನ ರೈಲು ನಿಲ್ದಾಣದ ಹಿಂದೆ, ಐದನೇ ಮಹಡಿಯಲ್ಲಿದ್ದ ಎರಡೇ ಕೋಣೆಯ ಬಾಡಿಗೆ ಮನೆಯದು ಅದು. ಮನೆ ಬೇಕೋ ಬೇಡವೋ ಎಂದು ಮಾಲೀಕನಿಗೆ ಸಂಜೆಯೊಳಗೆ ಹೇಳಬೇಕಿತ್ತು. ಅದಕ್ಕೂ ಮೊದಲು ಅಪ್ಪನಿಗೆ ಹೇಳಬೇಕಿತ್ತು.

ಜೊಕಿರ್ ಕಿರಿಯ ಮಗ. ಹಿರಿಯ ಮಕ್ಕಳು ಮದುವೆಯಾಗಿ ಬೇರೆ ಹೋಗುತ್ತಾರೆ. ಕಿರಿಯವನು ಅಪ್ಪ ಅಮ್ಮನ ಜೊತೆಗೇ ಉಳಿದು ಕಡೆಗೆ ಮನೆಯ ಒಡೆಯನಾಗುತ್ತಾನೆ. ಬೇರೆ ರೀತಿ ನಡೆದದ್ದನ್ನು ಅವರ ಬೀದಿ ಕಂಡಿರಲಿಲ್ಲ. ಆದರೆ ನಸುಕಿನಲ್ಲೆದ್ದು ಅಂಗಳ ಗುಡಿಸಿ, ದಿನವಿಡೀ ಬಂದುಹೋಗುವವರಿಗೆಲ್ಲ ಬಾಗಿ ನಮಸ್ಕರಿಸಿ ಚಹಾ ಕೊಡುತ್ತ ಅವನ ಹೆಂಡತಿ ಮುಅತ್ತರಳಿಗೆ ಮೂರು ವರ್ಷವಾಗಿತ್ತು. "ನಂಗೆ ಅರಮನೆ ಬೇಡ. ಒಳಗಿಂದ ಚಿಲಕ ಹಾಕ್ಕೊಳ್ಳೋಕೆ ಒಂದು ಬಾಗಿಲಿದ್ರೆ ಸಾಕು" ಎಂದಿದ್ದಳು. ಆಮೇಲೆ ಆ ವಿಷಯ ಎತ್ತಿರಲೇ ಇಲ್ಲ. ಜೊಕಿರನನ್ನು ಕಾಡಿದ್ದು ಆ ಮಾತಲ್ಲ, ಆಮೇಲಿನ ಮೌನ.

ಅಂಗಳದಲ್ಲಿ ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳುತ್ತದೆ. ಹಾಗಾಗಿ, "ಅಪ್ಪಾ, ಶಹ್ರಿಸಬ್ಜ್‌ಗೆ ಹೋಗಿ ಅಕ್-ಸರಾಯ್ ನೋಡ್ಕೊಂಡು ಬರೋಣ" ಎಂದ. ಅಪ್ಪ ಎರ್ಗಶ್ ಕೆಲಸ ಬಿಟ್ಟು ಕೂತಿದ್ದ ಗಾರೆ ಮೇಸ್ತ್ರಿ. ಪ್ರಾಯದಲ್ಲಿ ಆ ಹಳೆಯ ಅರಮನೆಯ ಗೋಡೆಗೆ ತೇಪೆ ಹಾಕಿದವರು.

"ಆಗ್ಲಿ, ನಂಗೂ ನಿನ್ ಜೊತೆ ಎಲ್ಲಾದ್ರೂ ಹೋಗ್ಬೇಕು ಅನ್ನಿಸ್ತಿತ್ತು" ಎಂದರು. ತುಸು ಬೇಗನೇ ಒಪ್ಪಿದರು.

ಸೀಟಿಗಿಷ್ಟೆಂದು ಘಟ್ಟ ದಾಟಿಸುವ ಬಾಡಿಗೆ ಕಾರಿನಲ್ಲಿ ಅಪ್ಪ ಮುಂದೆ ಕೂತು, ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು ಗೊರಕೆ ಶುರುಮಾಡಿದರು. ಹಿಂದೆ ಜೊಕಿರನ ಪಕ್ಕದಲ್ಲಿ ಹೊಸಿಯತ್ ಎಂಬ ದಪ್ಪ ಹೆಂಗಸು, ಚಹಾಕ್ಕೆ ನೀರು ಕಾಯಿಸುವ, ಆಗಷ್ಟೇ ರಿಪೇರಿಯಾದ ಸಮೋವರನ್ನು ಮೊಮ್ಮಗನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಏನ್ ತಮ್ಮಾ, ಮುಖ ಒಳ್ಳೆ ಒಡೆದ ಹಾಲಿನ ಹಾಗಿದೆ?"

ಜೊಕಿರ್ ಮುಂದಿನ ಗೊರಕೆಯನ್ನು ಆಲಿಸಿ, ಪಿಸುದನಿಯಲ್ಲಿ ಎಲ್ಲ ಹೇಳಿಬಿಟ್ಟ. ಐದನೇ ಮಹಡಿ, ಎರಡು ಕೋಣೆ, ಸಂಜೆಯ ಗಡುವು, ಯಾವುದನ್ನೂ ಬಿಡಲಿಲ್ಲ. ಗುರುತಿಲ್ಲದವರಿಗೆ ಹೇಳುವುದು ಎಷ್ಟು ಸುಲಭ ಎಂದು ಅವನಿಗೇ ಆಶ್ಚರ್ಯವಾಯಿತು.

"ನೊರ್ಬೊಯ್, ಕೇಳಿಸ್ಕೊಂಡ್ಯಾ?" ಎಂದು ಹೊಸಿಯತ್ ಚಾಲಕನ ಬೆನ್ನಿಗೆ ಗುದ್ದಿದಳು.

ನೊರ್ಬೊಯ್ ತಿರುವಿನಲ್ಲೇ ಎರಡೂ ಕೈ ಎತ್ತಿದ. "ಕಿರೀ ಮಗ ಮನೆ ಬಿಡೋದಾ! ನನ್ ತಮ್ಮ ಹೀಗಂದಿದ್ದಕ್ಕೆ ನಮ್ಮಪ್ಪ ಆರು ತಿಂಗಳು ಯಾರ ಹತ್ರಾನೂ ಮಾತಾಡ್ಲಿಲ್ಲ. ಮನೇಲಿ ಅಂಥಾ ನೆಮ್ಮದಿ ಮತ್ತೆ ಬರ್ಲೇ ಇಲ್ಲ ಬಿಡು."

"ಕೈ ಕೆಳಗಿಡಪ್ಪ, ಇಲ್ಲಾಂದ್ರೆ ಎಲ್ರೂ ಒಟ್ಟಿಗೇ ಮನೆ ಬಿಡ್ಬೇಕಾಗುತ್ತೆ!" ಎಂದು ಹೊಸಿಯತ್ ಗದರಿದಳು.

ಶಹ್ರಿಸಬ್ಜ್‌ನಲ್ಲಿ ಇಳಿದಾಗ ಹೊಸಿಯತ್, ನೊರ್ಬೊಯ್ ಇಬ್ಬರೂ ಬೆನ್ನಿಗೇ ಬಂದರು. ಸಮೋವರ್ ಒಂದು ಗಂಟೆ ತಡವಾಗಿ ತಲುಪಿದರೆ ಯಾರೂ ಸಾಯುವುದಿಲ್ಲ ಎಂದಳು ಹೊಸಿಯತ್. ಎದುರಿಗೆ ಅಕ್-ಸರಾಯಿಯ ಎರಡು ಮುರುಕು ಗೋಪುರಗಳು ಆಕಾಶಕ್ಕೆ ಏನೋ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದಂತೆ ನಿಂತಿದ್ದವು. ನಡುವಿನ ಕಮಾನು ಎಂದೋ ಬಿದ್ದುಹೋಗಿತ್ತು.

"ಅಪ್ಪಾ, ಮನೆ ವಿಷ್ಯ..." ಎಂದು ಜೊಕಿರ್ ಬಾಯಿ ತೆರೆದ. ಆಳೆತ್ತರದ ಕಹಳೆಗಳೆರಡು ಅವನ ಕಿವಿಯಲ್ಲೇ ಮೊಳಗಿದವು. ಮದುವೆಯ ದಿಬ್ಬಣವೊಂದು ಫೋಟೋಕ್ಕೆ ಬಂದಿತ್ತು.

ಎರಡನೇ ಸಲ ಬಾಯಿ ತೆರೆಯುವಷ್ಟರಲ್ಲಿ ಫೋಟೋದವನು, "ಇಂಥಾ ಬಿಳೀ ಗಡ್ಡ ಸಿಗೋದು ಅಪರೂಪ" ಎಂದು ಅಪ್ಪನನ್ನು ಮದುಮಕ್ಕಳ ನಡುವೆ ನಿಲ್ಲಿಸಿಕೊಂಡ. ಆ ಹೊತ್ತಿಗೆ ಹೊಸಿಯತ್ ಸುಮ್ಮನಿರಲಿಲ್ಲ. ಫೋಟೋ ಮುಗಿದದ್ದೇ ಮದುಮಗ ಜೊಕಿರನ ತೋಳು ಹಿಡಿದು ಪಕ್ಕಕ್ಕೆಳೆದ.

"ಅಣ್ಣಾ, ಹೇಳಿದ್ರಾ?"

"ನಿಂಗ್ಯಾಕಪ್ಪಾ?"

"ನಾನೂ ಕಿರೀ ಮಗ." ಅವನ ಹಿಂದೆ ಮದುಮಗಳು, ಪರದೆಯನ್ನು ಬೆರಳಲ್ಲಿ ಸರಿಸಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ನೋಡುತ್ತಿದ್ದಳು.

ಕೊನೆಗೆ ಚಹಾದಂಗಡಿಯ ಹಲಗೆಯ ಮೇಲೆ ಅಪ್ಪ ಮಗ ಕೂತರು. ಸುತ್ತ ಇಡೀ ದಿಬ್ಬಣ ಬೇರೆಲ್ಲೋ ನೋಡುವವರಂತೆ ನಟಿಸುತ್ತ ನಿಂತಿತು. ಕಹಳೆಯವರೂ ಕಹಳೆ ಇಳಿಸಿದ್ದರು.

"ಆ ಬಿದ್ದ ಕಮಾನು ನೋಡು" ಎಂದರು ಎರ್ಗಶ್. "ಗೋಪುರದ್ದೇನೂ ತಪ್ಪಿಲ್ಲ. ಎರಡರ ಮಧ್ಯೆ ಅಂತರ ಜಾಸ್ತಿ ಆಯ್ತು, ಅಷ್ಟೇ."

ಜೊಕಿರ್ ಅವರ ಕೈ ನೋಡಿದ. ಅಪ್ಪನ ಹೆಬ್ಬೆರಳಿನ ಬಿರುಕುಗಳಲ್ಲಿ ಇನ್ನೂ ಸುಣ್ಣವಿತ್ತು. ಈ ಕೈ ಕಟ್ಟಿದ ಮನೆಯನ್ನೇ ತಾನು ಬೇಡವೆನ್ನಬೇಕು. ಕೀಲಿಕೈಯನ್ನು ರೊಟ್ಟಿಯ ಪಕ್ಕ ಇಟ್ಟ.

"ಅಪ್ಪಾ, ನಾನೂ ಮುಅತ್ತರೂ ಬೇರೆ ಮನೆ ಮಾಡ್ತೀವಿ."

ಹೊಸಿಯತ್ ಸಮೋವರನ್ನು ಅವಚಿಕೊಂಡಳು. ಅಪ್ಪ ಕೀಲಿಕೈಯನ್ನು ನೋಡಿದರು. ಆಮೇಲೆ ನಿಧಾನವಾಗಿ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಎತ್ತಿದರು. ಹಿರಿಯರು ಕೈ ಎತ್ತಿದರೆಂದರೆ ಆಶೀರ್ವಾದ. ಸುತ್ತಲಿದ್ದವರೆಲ್ಲ ಕೈ ಎತ್ತಿದರು.

"ಹೊಸ ಮನೆಯಲ್ಲಿ ಒಳ್ಳೇದಾಗಲಿ..." ಎಂದು ಅಪ್ಪ ತಗ್ಗಿದ ದನಿಯಲ್ಲಿ ಶುರುಮಾಡಿದರು. ಉಳಿದದ್ದಕ್ಕೆ ಜೊಕಿರ್ ಕಿವಿಗೊಡಲಿಲ್ಲ. ಮನಸ್ಸಿನಲ್ಲಿ ಆಗಲೇ ಮುಅತ್ತರಳಿಗೆ ಫೋನ್ ಮಾಡುತ್ತಿದ್ದ. ಪ್ರಾರ್ಥನೆ ನಿಂತದ್ದೇ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಮುಖ ಸವರಿಕೊಂಡು "ಆಮೀನ್!" ಎಂದ. ದಿಬ್ಬಣವೂ ಮುಖ ಸವರಿಕೊಂಡಿತು. ಹಾಗೆ ಸವರಿಕೊಂಡ ಮೇಲೆ ಮಾತು ಮುಗಿದಂತೆ, ಅದನ್ನು ಮುರಿದವರಿಲ್ಲ.

ಅಪ್ಪ ಕೀಲಿಕೈಯನ್ನೆತ್ತಿ ತಮ್ಮ ಜೇಬಿಗೆ ಹಾಕಿಕೊಂಡರು.

"ಅಪ್ಪಾ... ಅದು..."

"ನಿಮ್ಮಣ್ಣನಿಗೆ ಐದು ಮಕ್ಕಳು ಕಣೋ. ಹೋದ ವಾರ ಬಂದು ಅತ್ತ. ನಾವಿರೋ ಮನೆ ಅವನಿಗೇ ಅಂತ ಮಾತು ಕೊಟ್ಬಿಟ್ಟೆ. ನ್ಯಾಯವಾಗಿ ಅದು ನಿಂದು. ನಿಂಗೆ ಯಾವ ಬಾಯಲ್ಲಿ ಹೇಳೋದು ಅಂತ ಏಳು ದಿನದಿಂದ ನಿದ್ದೆಯಿಲ್ಲ. ಕಾರಲ್ಲೂ ಬರ್ಲಿಲ್ಲ, ಗೊರಕೆ ಬರೀ ನಾಟಕ." ಎರ್ಗಶ್ ಕಣ್ಣೊರೆಸಿಕೊಂಡರು. "ನೀನು ಎರಡು ಕೋಣೆ ಅಂದಾಗ ಜೀವ ಬಂತು ನೋಡು. ನಿಮಗೊಂದು, ನಂಗೂ ನಿಮ್ಮಮ್ಮಂಗೂ ಒಂದು."

"ನೀವೂ?"

"ಮತ್ತೆ? ಕಿರೀ ಮಗ ಇರೋ ಕಡೆ ತಾನೇ ಅಪ್ಪ ಅಮ್ಮ ಇರೋದು? ಈಗಷ್ಟೇ ಅದನ್ನೇ ಅಲ್ವಾ ಬೇಡ್ಕೊಂಡಿದ್ದು? ನೀನೇ ಎಲ್ರಿಗಿಂತ ಜೋರಾಗಿ ಆಮೀನ್ ಅಂದೆ."

ಮದುಮಗಳು ಪರದೆ ಇಳಿಬಿಟ್ಟಳು. ಮದುಮಗ ನೆಲ ನೋಡತೊಡಗಿದ. ಹೊಸಿಯತ್ ಮೂಗು ಒರೆಸಿಕೊಂಡು, "ಎಂಥಾ ಮಗ! ವಿಳಾಸ ಬರ್ಕೊಡು ತಮ್ಮಾ, ಸಮರ್ಕಂದಿಗೆ ಬಂದಾಗಲೆಲ್ಲ ಚಹಾಕ್ಕೆ ಬರ್ತೀನಿ" ಎಂದಳು.

ಮರಳುವ ದಾರಿಯಲ್ಲಿ ಅಪ್ಪ ನಿಜವಾಗಿಯೇ ನಿದ್ದೆ ಹೋದರು, ಎಳೆಮಗುವಿನ ಹಾಗೆ, ಬಾಯಿ ಅರ್ಧ ತೆರೆದು. ಅವರ ತಲೆ ಕಿಟಕಿಗೆ ಬಡಿಯದಂತೆ ಜೊಕಿರ್ ಹಿಂದಿನಿಂದ ಕೈ ಚಾಚಿ ಅಡ್ಡ ಹಿಡಿದ. ಇನ್ನೊಂದು ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು.

"ಹೇಳಿದ್ರಾ?" ಮುಅತ್ತರಳ ದನಿ.

"ಹೇಳ್ದೆ."

"ಬೇಜಾರ್ ಮಾಡ್ಕೊಂಡ್ರಾ?"

"ಇಲ್ಲ. ತುಂಬಾ ಖುಷಿಯಾಗಿದ್ದಾರೆ."

"ನಿಜವಾಗ್ಲೂ? ಬಾಗಿಲಿಗೆ ಒಳಗಿಂದ ಚಿಲಕ ಇದೆ ತಾನೇ?"

"ಇದೆ" ಎಂದ ಜೊಕಿರ್. "ಒಳ್ಳೇ ಗಟ್ಟಿ ಚಿಲಕ. ನಾವು ನಾಲ್ಕೂ ಜನ ಒಳಗೆ ಬಂದ್ಮೇಲೆ ಹಾಕ್ಕೋಬಹುದು."